ಬಿದ್ದದ್ದು ಅವನು, ಒನ್ಸ್ ಮೋರ್ ನನಗೆ

ನನ್ನ ಅಣ್ಣ ಬಚ್ಚಲಲ್ಲಿ ಬಿದ್ದದ್ದರಿಂದ ನನಗೆ ಒಳ್ಳೆಯದೇ ಆಯಿತು. ಹೀಗೆ ಬರೆದರೆ ಓದಿದವರು ‘ಥೂ, ಎಂಥಾ ತಮ್ಮ’ ಅನ್ನುತ್ತಾರೆ, ಗೊತ್ತು. ಅನ್ನಲಿ. ಹುಟ್ಟಿದಾಗಿನಿಂದ ಅವನ ತಮ್ಮನಾಗಿ ಬದುಕಿದವನು ನಾನು, ನೀವಲ್ಲ.

ಅವನು ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಕೆಲಸ ಮಾಡಿದ್ದು ಬಹುಪಾಲು ಜಗಳೂರಿನಲ್ಲಿ, ಕೊನೆಗೆ ನಮ್ಮ ಚನ್ನಗಿರಿಯಲ್ಲಿ. ಎದೆ ಉಬ್ಬಿಸಿಕೊಂಡು ನಡೆಯುವುದು, ಮೀಸೆ ತಿರುವುವುದು, ಎದುರಿಗೆ ಸಿಕ್ಕವನ ಬೆನ್ನಿಗೆ ಗುದ್ದಿ ‘ನೆಟ್ಟಗೆ ನಿಂತ್ಕಳಲೇ’ ಅನ್ನುವುದು, ಇದು ಅವನ ಜಾಯಮಾನ. ನಾನು ಖಾಸಗಿ ಬಸ್ಸಿನ ಕಂಡಕ್ಟರ್. ಬಾಗಿಲಲ್ಲಿ ನೇತಾಡಿಕೊಂಡು ‘ಹೊನ್ನಾಳಿ, ನ್ಯಾಮತಿ, ಶಿವಮೊಗ್ಗ’ ಅಂತ ಕೂಗಿ ಕೂಗಿ ಗಂಟಲು ಗಟ್ಟಿಯಾಯಿತು, ಮಂಡಿ ಹಾಳಾಯಿತು. ಆ ಗಂಟಲನ್ನು ನಂಬಿಕೊಂಡೇ ನಾನು ನಾಟಕಕ್ಕೆ ಇಳಿದದ್ದು. ಆದರೆ ನಮ್ಮ ಹವ್ಯಾಸಿ ತಂಡದಲ್ಲಿ ರಾಜನ ಪಾರ್ಟು ಅಂದರೆ ಅಣ್ಣನದೇ. ನಾನು ಮಂತ್ರಿ, ಇಲ್ಲವೇ ದೂತ, ಇಲ್ಲವೇ ಕೊನೆಯ ಸೀನಿನಲ್ಲಿ ಈಟಿ ಹಿಡಿದು ಸುಮ್ಮನೆ ನಿಲ್ಲುವವನು.

ಈಗಿನವರಿಗೆ ಒಂದು ವಿಷಯ ಬಿಡಿಸಿ ಹೇಳಬೇಕು. ಆಗೆಲ್ಲ ಒಂದು ಹಾಡೋ ಒಂದು ಮಾತೋ ಜನಕ್ಕೆ ಹಿಡಿಸಿತು ಅಂದರೆ ಬರೀ ಚಪ್ಪಾಳೆ ತಟ್ಟಿ ಸುಮ್ಮನಾಗುತ್ತಿರಲಿಲ್ಲ. ‘ಒನ್ಸ್ ಮೋರ್’ ಅಂತ ಕೂಗುತ್ತಿದ್ದರು. ಇಂಗ್ಲಿಷಿನ ಒಂದಕ್ಷರ ಬಾರದವರೂ ಅದೊಂದನ್ನು ಮಾತ್ರ ಗಂಟೆ ಹೊಡೆದ ಹಾಗೆ ಕೂಗುತ್ತಿದ್ದರು. ಕೂಗು ಬಿತ್ತೋ, ನಟ ಆ ಸೀನನ್ನು ಇನ್ನೊಂದು ಸಲ ಮಾಡಲೇಬೇಕು. ಸತ್ತವನಾದರೂ ಎದ್ದು, ಮೈ ಕೊಡವಿಕೊಂಡು, ಮತ್ತೆ ಸಾಯಬೇಕು. ಒಲ್ಲೆ ಅಂದವನನ್ನು ‘ಅವನಿಗೆ ಭಾಳ ಧಿಮಾಕು’ ಅಂತ ಊರು ತುಂಬ ಆಡಿಕೊಳ್ಳುತ್ತಿದ್ದರು. ಜಗಳೂರಿನಲ್ಲಿ ಒಮ್ಮೆ ಅಣ್ಣ ರಾಜನಾಗಿ ಮೂರು ಸಲ ಸತ್ತ. ಮೂರು ಸಲವೂ ಮಂತ್ರಿಯಾಗಿದ್ದ ನನ್ನ ತೊಡೆಯ ಮೇಲೇ ಬಿದ್ದ, ಒಳ್ಳೇ ಸಿಮೆಂಟು ಮೂಟೆ ಬಿದ್ದ ಹಾಗೆ. ನಾನು ಮೂರು ಸಲವೂ ‘ಪ್ರಭೂ’ ಅಂತ ಅತ್ತೆ. ಜನ ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದರು. ನನ್ನ ತೊಡೆ ವಾರವಿಡೀ ನೋಯುತ್ತಿತ್ತು, ಯಾರೂ ಕೇಳಲಿಲ್ಲ.

ನನಗೆ ಒಂದೇ ಒಂದು ಒನ್ಸ್ ಮೋರ್ ಬಿದ್ದಿರಲಿಲ್ಲ. ಇಡೀ ಜನ್ಮದಲ್ಲಿ ಒಂದೂ ಇಲ್ಲ! ಬೇರೆಯವರಿಗೆ ಇದು ಸಣ್ಣ ಸಂಗತಿ ಇರಬಹುದು. ನನಗೆ ಅಲ್ಲ. ಕಣ್ಣು ಮುಚ್ಚುವುದರೊಳಗೆ ಒಂದು ಸಲ ಆ ಕೂಗು ನನ್ನ ಹೆಸರಿಗೆ ಬೀಳಬೇಕು ಅನ್ನುವುದು ಬಿಟ್ಟರೆ ನನಗೆ ಬೇರೆ ಆಸೆ ಉಳಿದಿರಲಿಲ್ಲ.

ಇಬ್ಬರೂ ಕೆಲಸ ಬಿಟ್ಟು, ನಾಟಕ ಬಿಟ್ಟು ಎಷ್ಟೋ ಕಾಲವಾದ ಮೇಲೆ ದಾವಣಗೆರೆಯಿಂದ ಒಬ್ಬ ನಿರ್ದೇಶಕಿ ನನ್ನನ್ನು ಹುಡುಕಿಕೊಂಡು ಬಂದಳು. ಕಾಲ ಬದಲಾದ ಹಾಗೆ ಗಂಡಸರು ಹೇಗೆ ಮುದುಕರಾಗುತ್ತಾರೆ ಅನ್ನುವುದರ ಮೇಲೆ ಒಬ್ಬನೇ ನಟ ಮಾಡುವ ನಾಟಕವಂತೆ. ಹೆಸರು ‘ಮೀಸೆ ಮತ್ತು ಮಂಡಿ’. ಪ್ರದರ್ಶನ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಕೊನೆಗೆ ಜಗಳೂರಿನಲ್ಲಿ. ‘ಒಬ್ಬನೇ ನಟ’ ಅಂದ ಮೇಲೆ ಅವಳು ಹೇಳಿದ ಮಿಕ್ಕ ಮಾತು ನನಗೆ ಕೇಳಿಸಲೇ ಇಲ್ಲ. ರಾಜನಿಲ್ಲ, ತೊಡೆಯ ಮೇಲೆ ಬೀಳುವವನಿಲ್ಲ. ಸ್ಟೇಜು ಪೂರಾ ನನ್ನದು.

“ಮೊದ್ಲು ನಿಮ್ಮ ಅಣ್ಣಾರನ್ನೇ ಕೇಳಾಣ ಅಂತಿದ್ದೆ ಸರ್,” ಅಂದಳು ಪಾಪ, ಕಪಟವಿಲ್ಲದೆ. “ಕೋಲು ಹಿಡ್ಕಂಡು ಓಡಾಡ್ತಾರೆ ಅಂದ್ರು. ಅದಕ್ಕೇ ನಿಮ್ಮ ಹತ್ರ ಬಂದೆ.”

ಅಲ್ಲೂ ನಾನು ಎರಡನೆಯವನೇ. ಆದರೂ ಒಪ್ಪಿಕೊಂಡೆ. ಮರ್ಯಾದೆ ನೋಡುತ್ತಾ ಕೂತರೆ ಪಾರ್ಟು ಸಿಗುವುದಿಲ್ಲ.

ಮೀಸೆಗೆ ಬಣ್ಣ ಹಚ್ಚಿಕೊಂಡು ದಿಂಬಿಗೆಲ್ಲ ಮೆತ್ತುವವನು, ಹೆಂಡತಿ ತವರಿಗೆ ಹೋದರೆ ಮನೆಯಲ್ಲಿ ಉಪ್ಪಿನ ಡಬ್ಬಿ ಯಾವುದು ಅಂತ ತಿಳಿಯದೆ ಎಲ್ಲ ಡಬ್ಬಿಯನ್ನೂ ನೆಕ್ಕಿ ನೋಡುವವನು, ಬಸ್ಸಿನಲ್ಲಿ ಒಂದು ಹುಡುಗಿ ಎದ್ದು ಸೀಟು ಕೊಟ್ಟಿದ್ದಕ್ಕೆ ಅವಮಾನವಾಗಿ ಮುಂದಿನ ಸ್ಟಾಪಿನಲ್ಲೇ ಇಳಿದುಹೋದವನು, ಇಂಥವರನ್ನೆಲ್ಲ ನಾನೇ ಅವಳಿಗೆ ಹೇಳಿ ಕೊಟ್ಟೆ. ಬಸ್ಸಿನಲ್ಲಿ ನಿಂತುಕೊಂಡು ಇನ್ನೇನು ನೋಡಿದ್ದೇನೆ ನಾನು? ಆದರೆ ಕೊನೆಯ ದೃಶ್ಯ ಸಿಕ್ಕಿರಲಿಲ್ಲ. “ನಗ್ತಾ ನಗ್ತಾ ಒಂದು ಏಟು ಬೀಳ್ಬೇಕು ಸರ್,” ಅಂತಿದ್ದಳು. ಆಗ ನಾನು ಅಣ್ಣ ಬಿದ್ದದ್ದನ್ನು ಹೇಳಿದೆ.

ಮಕ್ಕಳಿಲ್ಲದ ಅವನು ಅತ್ತಿಗೆ ತೀರಿಕೊಂಡ ಮೇಲೆ ನಮ್ಮ ಮನೆಗೇ ಬಂದಿದ್ದ. ಒಂದು ದಿನ ಬೆಳಿಗ್ಗೆ ನಾನು ಸಂತೆಗೆ ಹೋಗಿದ್ದೆ. ಮನೆಯಲ್ಲಿ ಅವನು, ನನ್ನ ಹೆಂಡತಿ, ಇಬ್ಬರೇ. ಬಚ್ಚಲಲ್ಲಿ ಸೋಪಿನ ನೀರಿಗೆ ಕಾಲು ಜಾರಿತು. ಸೊಂಟ ಹಿಡಿದುಕೊಂಡು ಏಳಲಾಗಲಿಲ್ಲ. ಒಂದು ಕೂಗು ಹಾಕಿದ್ದರೆ ಅಡುಗೆಮನೆಯಿಂದ ಅವಳು ಓಡಿ ಬರುತ್ತಿದ್ದಳು. ಹಾಕಲಿಲ್ಲ. ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಎದುರಿಗೆ ನಿಲ್ಲುವುದಿಲ್ಲ. ಮದುವೆಯಾಗಿ ಬಂದಾಗಿನಿಂದಲೂ ಅವಳು ಅವನಿಗೆ ಬಡಿಸಿಟ್ಟು ಬಾಗಿಲ ಹಿಂದೆ ಸರಿಯುವವಳು. ಮೈಮೇಲೆ ನೂಲಿಲ್ಲದೆ ಅವಳ ಕಣ್ಣಿಗೆ ಬೀಳುವುದಕ್ಕಿಂತ ತಣ್ಣನೆ ಕಲ್ಲಿನ ಮೇಲೆ ಬಿದ್ದಿರುವುದೇ ಮೇಲು ಅಂತ ಅವನು ಬಿದ್ದೇ ಇದ್ದ.

ಅವಳಿಗೂ ಏನೋ ಅನುಮಾನ. ಬಾಗಿಲು ಬಡಿಯಲು ಸಂಕೋಚ, ಕೂಗಿ ಕೇಳಲು ನಾಚಿಕೆ. ಹೊರಗೆ ಬಂದು ಪಾತ್ರೆಯೊಂದನ್ನು ಬೇಕೆಂದೇ ಸದ್ದು ಮಾಡಿ ಇಟ್ಟಳಂತೆ. ಅದಕ್ಕೆ ಅವನು ಒಳಗೆ ಬಿದ್ದಲ್ಲಿಂದಲೇ ಕೈ ಚಾಚಿ, ಬಕೆಟ್ಟಿನಿಂದ ಚೊಂಬಿನಲ್ಲಿ ನೀರು ಮೊಗೆದು ನೆಲಕ್ಕೆ ಸುರಿದನಂತೆ, ಸ್ನಾನ ನಡೆದಿದೆ ಅನ್ನುವ ಹಾಗೆ. ಅವಳು ಪಾತ್ರೆ ಕುಟ್ಟುವುದು, ಅವನು ನೀರು ಸುರಿಯುವುದು. ನಾನು ಸಂತೆಯಿಂದ ಬರುವ ತನಕ ಇದೇ ನಡೆದಿತ್ತು. ಚಿಲಕ ಕಿತ್ತು ಬಾಗಿಲು ತೆಗೆದು ನೋಡಿದರೆ ಮಹಾರಾಜರು ಗೋಡೆಗೆ ಮುಖ ಮಾಡಿ ಮಲಗಿದ್ದಾರೆ. ಬಾಯಿಂದ ಬಂದ ಮೊದಲ ಮಾತು ‘ಅಯ್ಯೋ’ ಅಲ್ಲ, ‘ಅಮ್ಮಾ’ ಅಲ್ಲ.

“ಟವಲ್ ಕೊಡಲೇ,” ಅಂದ. ಆ ಸ್ಥಿತಿಯಲ್ಲೂ ಹುಕುಂ!

ಇದನ್ನು ನಿರ್ದೇಶಕಿ ಒಂದೂ ಮಾತು ಬಿಡದೆ ಬರೆದುಕೊಂಡಳು. ಆಮೇಲೆ, “ಇದೇ ಕೊನೇ ದೃಶ್ಯ ಸರ್. ಆದ್ರೆ ಅಣ್ಣಾರನ್ನ ಒಂದು ಮಾತು ಕೇಳ್ಬೇಕಲ್ವಾ?” ಅಂದಳು.

“ಕೇಳೀನಿ ಬಿಡ್ರಿ,” ಅಂದೆ. ಕೇಳಿರಲಿಲ್ಲ. ಯಾಕೆ ಕೇಳಬೇಕು? ಅವನು ನನ್ನ ತೊಡೆಯನ್ನು ಕೇಳಿ ಬಿದ್ದಿದ್ದನೇ?

ಹೆಂಡತಿಗೆ ಗೊತ್ತಾಗಿ ರೇಗಿದಳು. “ಏನ್ ಜಲ್ಮಾ ರೀ ನಿಮ್ದು? ಒಡಹುಟ್ಟಿದೋರ ಮಾನ ತಗಂಡೋಗಿ ನಾಕು ಮಂದಿ ಮುಂದೆ ಸುರಿಯಾಕೆ ಹೊಂಟೀರಲ್ಲ!”

“ನೀನು ಪಾತ್ರೆ ಕುಟ್ಟಿದ್ದೂ ಐತೆ ಅದ್ರಾಗೆ,” ಅಂದೆ.

ಮಾರನೆಯ ದಿನ ಅವಳೇ ಬಂದು, ಅದು ಯಾವ ಪಾತ್ರೆ, ಸದ್ದು ಹೇಗೆ ಮಾಡಿದ್ದು ಅಂತ ಕುಟ್ಟಿ ತೋರಿಸಿಕೊಟ್ಟಳು. ನಾಟಕದ ಹುಚ್ಚು ಯಾರನ್ನೂ ಬಿಡುವುದಿಲ್ಲ.

ಬೀಳುವುದನ್ನು ನಿರ್ದೇಶಕಿ ನನಗೆ ಕಲಿಸಿದಳು. ಮೊದಲು ಕೈ ಊರಬೇಕು, ಆಮೇಲೆ ಪೃಷ್ಠ, ಮಂಡಿ ಮಾತ್ರ ನೆಲಕ್ಕೆ ತಾಗಕೂಡದು. ಸ್ಟೇಜಿಗೆ ಹಾಸಿದ ಬಟ್ಟೆಯ ಕೆಳಗೆ ಒಂದು ತೆಳ್ಳನೆ ಚಾಪೆ. “ಒಂದು ಶೋಗೆ ಒಂದೇ ಸಲ ಸರ್. ನಿಮ್ಮ ಮಂಡಿ ಅದಕ್ಕಿಂತ ಹೆಚ್ಚು ತಡಿಯಲ್ಲ,” ಅಂತ ದಿನಾ ಹೇಳುತ್ತಿದ್ದಳು.

ಚನ್ನಗಿರಿಯ ಪ್ರದರ್ಶನದ ದಿನ ಅಣ್ಣನನ್ನು ಉಬ್ರಾಣಿಯ ಅಕ್ಕನ ಮನೆಗೆ ಸಾಗಹಾಕಿದೆ. ‘ಅಕ್ಕ ನೋಡಬೇಕಂತಾಳೆ, ಹೋಗಿ ಬಾ’ ಅಂದರೆ ನಂಬಿ ಹೋದ. ನಾಟಕ ಚೆನ್ನಾಗಿ ಆಯಿತು. ನಾನು ಚಡ್ಡಿಯ ಮೇಲೆ ಟವಲ್ ಸುತ್ತಿಕೊಂಡು, ಮೀಸೆ ತಿರುವುತ್ತಾ, ಎದೆ ಉಬ್ಬಿಸಿ, ಥೇಟ್ ಅವನ ಹಾಗೇ ಬಚ್ಚಲಿಗೆ ನಡೆದು ಬಂದೆ. ಟವಲ್ ತೆಗೆದು ಮೊಳೆಗೆ ಹಾಕಿ, ಬಿದ್ದೆ. ನೀರು ಸುರಿದೆ. ‘ಟವಲ್ ಕೊಡಲೇ’ ಅಂದಾಗ ಒಲೆಯ ಮೇಲಿನ ಹಾಲು ಉಕ್ಕಿದ ಹಾಗೆ ಜನ ನಕ್ಕರು. ಯಾರ ನಕಲು ಅಂತ ಊರಿಗೆಲ್ಲ ಒಂದೇ ಕ್ಷಣದಲ್ಲಿ ಗೊತ್ತಾಗಿಹೋಗಿತ್ತು. ದೀಪ ಆರುವ ತನಕ ನಾನು ನೆಲದ ಮೇಲೆ ಬಿದ್ದುಕೊಂಡು ಕಿವಿ ನಿಮಿರಿಸಿಕೊಂಡೇ ಇದ್ದೆ. ಚಪ್ಪಾಳೆ ಬಂತು. ಶಿಳ್ಳೆ ಬಂತು. ಆ ಕೂಗು ಮಾತ್ರ ಬರಲಿಲ್ಲ.

ಅಣ್ಣ ಉಬ್ರಾಣಿಯಿಂದ ಬಂದ ಮಾರನೆಯ ಬೆಳಿಗ್ಗೆ ಎಂದಿನ ಹಾಗೆ ಚಾ ಕುಡಿಯಲು ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋದ. ಅಲ್ಲಿ ಯಾವನೋ, ಅವನ ಕೈಯಲ್ಲೇ ಏಟು ತಿಂದು ಬೆಳೆದವನು, “ಮೇಷ್ಟ್ರೇ, ಟವಲ್ ಕೊಡ್ಲಾ?” ಅಂದನಂತೆ. ಹೋಟೆಲೆಲ್ಲ ನಕ್ಕಿತಂತೆ. ಮನೆಗೆ ಬಂದು ಕೋಲನ್ನು ಮೂಲೆಗೆ ಇಟ್ಟು ಕೂತ.

“ಏನಲೇ ಅದು, ಟವಲ್ಲು?”

“ಏನಿಲ್ಲ. ಕೆಲ್ಸ ಇಲ್ದೋರು ಏನೋ ಅಂತಾರೆ.”

ಅವನು ನನ್ನನ್ನು ನೋಡಲಿಲ್ಲ, ಬಚ್ಚಲ ಬಾಗಿಲನ್ನು ನೋಡಿದ. ಚಿಲಕ ಕಿತ್ತ ಜಾಗದಲ್ಲಿ ಮರ ಇನ್ನೂ ಬೆಳ್ಳಗೆ ಸೀಳಿಕೊಂಡಿತ್ತು. ಅದೇ ಕೊನೆ, ಅವನು ಚಾ ಕುಡಿಯಲು ಹೊರಗೆ ಹೋಗಲಿಲ್ಲ. ಮಾರನೆಯ ದಿನದಿಂದ ಅವನ ಚಾ ನಾನೇ ಒಯ್ದು ಮುಂದಿಟ್ಟೆ. ಆದರೂ ಅದೇ ವಾರ ಹೊನ್ನಾಳಿಗೆ ಹೋಗಿ ಅವನನ್ನು ಮತ್ತೆ ಬೀಳಿಸಿದೆ.

ಹೊನ್ನಾಳಿಯಲ್ಲಿ ಹೊಳೆಯ ಕಡೆಯ ಕಲ್ಯಾಣ ಮಂಟಪ, ತುಂಬಿದ ಸಭೆ. ಜನ ಕೈಯೆತ್ತಿದರು, ಚಪ್ಪಾಳೆಗಲ್ಲ, ಫೋನಿನಲ್ಲಿ ಹಿಡಿಯಲು. ಇನ್ನೊಂದು ಸಲ ನೋಡಬೇಕು ಅನ್ನಿಸಿದರೆ ಮನೆಗೆ ಹೋಗಿ ಬೆರಳಲ್ಲಿ ಒತ್ತಿ ನೋಡಿಕೊಳ್ಳುತ್ತಾರೆ, ಕೂಗುವ ದರ್ದು ಯಾರಿಗಿದೆ? ನಾಟಕ ಮುಗಿದ ಮೇಲೆ ಒಬ್ಬ ಯಜಮಾನರು ಬಂದು, “ಚಂದಾಗಿ ಮಾಡಿದ್ರಿ. ಬಚ್ಚಲಕ್ಕೆ ಒಂದು ಸ್ಟೀಲಿನ ಹಿಡಿಕೆ ಹಾಕ್ಸಿಬಿಡ್ರಿ, ನಮ್ಮ ಮನೇಲೂ ಹಾಕ್ಸೀವಿ,” ಅಂತ ಬುದ್ಧಿ ಹೇಳಿ ಹೋದರು. ಕಲಾವಿದನಿಗೆ ಸಿಕ್ಕ ಮರ್ಯಾದೆ ಅದು. ಹಿಡಿಕೆ ಹಾಕಿಸಿದೆ, ಅದು ಬೇರೆ ಮಾತು.

ನ್ಯಾಮತಿಯಲ್ಲಿ ಆ ಕೂಗು ನನ್ನ ಕೈಗೆ ಬಂದು ಜಾರಿತು. ಮೂರನೆಯ ಸಾಲಿನಲ್ಲಿ ತಲೆಗೆ ಪಟಗ ಸುತ್ತಿಕೊಂಡಿದ್ದ ಒಬ್ಬ ಅಜ್ಜ, ಹಳೇ ನಾಟಕ ಕಂಡ ಕಣ್ಣು ಅಂತ ನೋಡಿದರೇ ತಿಳಿಯುತ್ತಿತ್ತು. ನಾನು ಬಿದ್ದ ಕೂಡಲೇ ಅರ್ಧ ಎದ್ದು ಬಾಯಿ ತೆರೆದು “ಒನ್ಸ್...” ಅಂದ. ಪಕ್ಕದಲ್ಲಿದ್ದ ಅವನ ಮಗಳು ತೋಳು ಹಿಡಿದು ಕೂರಿಸಿದಳು. “ಸುಮ್ಕಿರಪ್ಪಾ, ಇದು ಅಂಥಾ ನಾಟ್ಕ ಅಲ್ಲ,” ಅಂದದ್ದು ನನಗೆ ಸ್ಟೇಜಿನ ಮೇಲೆ ಕೇಳಿಸಿತು. ಅಜ್ಜ ತಪ್ಪು ಮಾಡಿದವನ ಹಾಗೆ ಬಾಯಿ ಮುಚ್ಚಿಕೊಂಡ. ಆ ಮಗಳ ಮೇಲೆ ನನಗೆ ಬಂದ ಸಿಟ್ಟು ಜನ್ಮದಲ್ಲಿ ಯಾರ ಮೇಲೂ ಬಂದಿಲ್ಲ.

ಉಳಿದದ್ದು ಜಗಳೂರು ಒಂದೇ. ಹೊರಡುವ ದಿನ ನೋಡುತ್ತೇನೆ, ಅಣ್ಣ ಬಿಳೀ ಅಂಗಿ ಹಾಕಿ, ಹೆಗಲ ಮೇಲೆ ಟವಲ್ ಹೊದ್ದು, ಮೀಸೆಗೆ ಬಣ್ಣ ಹಚ್ಚಿಕೊಂಡು ಜಗುಲಿಯ ಮೇಲೆ ಕೂತಿದ್ದಾನೆ.

“ನಾನೂ ಬರ್ತೀನಿ ನಡಿ,” ಅಂದ. “ನನ್ನೂರು ಅದು.”

ಅವನ ಕೋಲು ಇಸಿದುಕೊಂಡು ಕಾರು ಹತ್ತಿಸಿದೆ. ಕಾರಿನಲ್ಲಿ ದಾರಿಯುದ್ದಕ್ಕೂ ಅವನು ಕಿಟಕಿ ನೋಡುತ್ತಿದ್ದ, ನಾನು ನನ್ನ ಮಂಡಿ ನೋಡುತ್ತಿದ್ದೆ.

ಜಗಳೂರಿನಲ್ಲಿ ಅವನ ಹಳೇ ಶಿಷ್ಯರು ಮುತ್ತಿಕೊಂಡರು. ಅವರಿಗೇ ತಲೆ ನೆರೆತು ಹೊಟ್ಟೆ ಬಂದಿದೆ. ಬಗ್ಗಲಾಗದಿದ್ದರೂ ಬಗ್ಗಿ ಕಾಲಿಗೆ ಬಿದ್ದರು. ಮುಂದಿನ ಸಾಲಿನಲ್ಲಿ ನಟ್ಟ ನಡುವೆ ಕೂರಿಸಿದರು. ನಾನು ಪರದೆಯ ಸಂದಿಯಿಂದ ನೋಡಿದೆ. ಹೆದರಿದೆ, ಸುಳ್ಳೇಕೆ ಹೇಳಲಿ. ಎದ್ದು ಹೋಗುತ್ತಾನೋ, ಅಳುತ್ತಾನೋ, ಕೋಲು ಬೀಸುತ್ತಾನೋ?

“ಅಣ್ಣಾರಿಗೆ ಗೊತ್ತೈತಲ್ವಾ ಸರ್?” ಅಂತ ನಿರ್ದೇಶಕಿ ಪಿಸುಗುಟ್ಟಿದಳು.

“ಈಗ ಗೊತ್ತಾಗ್ತೈತೆ ಬಿಡ್ರಿ.”

ಆಟ ಶುರುವಾಯಿತು. ಜನ ನಗುತ್ತಿದ್ದರು, ಅವನು ಮಾತ್ರ ಪೆರೇಡಿಗೆ ನಿಂತವನ ಹಾಗೆ ನೆಟ್ಟಗೆ ಕೂತಿದ್ದ. ಕೊನೆಯ ದೃಶ್ಯ ಬಂತು. ಅವನ ಕಣ್ಣೆದುರಿಗೇ ಅವನ ಮೀಸೆ ತಿರುವಿದೆ, ಅವನ ಎದೆ ಉಬ್ಬಿಸಿದೆ, ಟವಲ್ ಬಿಚ್ಚಿದೆ, ಬಿದ್ದೆ. ಒಳಗೆ ಪಾತ್ರೆಯ ಸದ್ದಾಯಿತು, ನೀರು ಸುರಿದೆ. “ಟವಲ್ ಕೊಡಲೇ” ಅಂದೆ. ಸಭೆ ಬಿದ್ದು ಬಿದ್ದು ನಕ್ಕಿತು.

ಆಗ ಬಂತು. ಮೈದಾನದ ಈ ತುದಿಯಿಂದ ಆ ತುದಿಗೆ ಮುಟ್ಟುವ ಪಿ.ಟಿ. ಮೇಷ್ಟ್ರ ಗಂಟಲಿನಲ್ಲಿ, “ಒನ್ಸ್ ಮೋರ್!”

ಮೈಯೆಲ್ಲ ಜುಮ್ಮೆಂದಿತು. ಯಾರು ಕೂಗಿದರು, ಯಾಕೆ ಕೂಗಿದರು, ಒಂದೂ ತಲೆಗೆ ಹೋಗಲಿಲ್ಲ. ಕೂಗು ಬಿತ್ತು, ನನಗೆ ಬಿತ್ತು, ಅಷ್ಟೇ. ನಿರ್ದೇಶಕಿ ಪಕ್ಕದಿಂದ ಬೇಡ ಬೇಡ ಅಂತ ಕೈಯಾಡಿಸುತ್ತಾ, ದೀಪ ಆರಿಸಲು ಹೇಳುತ್ತಿದ್ದಳು. ನಾನು ಕೈಯೆತ್ತಿ ತಡೆದೆ. ಬಕೆಟ್ ಹಿಡಿದುಕೊಂಡು ಎದ್ದು, ಟವಲ್ ಸುತ್ತಿಕೊಂಡು, ಮತ್ತೆ ನಡೆದು ಬಂದು ಮತ್ತೆ ಬಿದ್ದೆ. ಈ ಸಲ ಮಂಡಿ ನೆಲಕ್ಕೆ ಬಡಿಯಿತು. ಕಣ್ಣಲ್ಲಿ ನೀರು ಬಂತು. ಜನ ಇನ್ನೂ ಜೋರಾಗಿ ನಕ್ಕರು.

“ಒನ್ಸ್ ಮೋರ್!” ಅಂದ ಅಣ್ಣ.

ಈಗ ಅವನ ಶಿಷ್ಯರಿಗೆ ಹಳೇದೆಲ್ಲ ನೆನಪಾಯಿತೋ ಏನೋ, ಅವರೂ ಕೂಗಿದರು. ಅವರ ಹಿಂದೆ ಫೋನು ಹಿಡಿದಿದ್ದ ಪಡ್ಡೆ ಹುಡುಗರೂ ಕೂಗಿದರು. ಜಗಳೂರಿಗೆ ಜಗಳೂರೇ ‘ಒನ್ಸ್ ಮೋರ್, ಒನ್ಸ್ ಮೋರ್’ ಅಂತ ಕುರ್ಚಿ ಬಡಿಯಿತು. ಇಡೀ ಜನ್ಮ ಕಾದ ಕೂಗು ಅದು. ನಾನು ಎದ್ದೆ. ಹೇಗೆ ಎದ್ದೆ ಅಂತ ಇವತ್ತಿಗೂ ತಿಳಿಯದು. ಮೊಳೆಯ ತನಕ ಹೋಗುವುದರೊಳಗೇ ಮಂಡಿ ಕೈಕೊಟ್ಟಿತು. ಕೈ ಊರಲಿಲ್ಲ, ಪೃಷ್ಠ ಊರಲಿಲ್ಲ, ಚಾಪೆಯೂ ಸಿಗಲಿಲ್ಲ. ಬಕೆಟ್ ಉರುಳಿ ನೀರೆಲ್ಲ ಮುಖದ ಮೇಲೆ. ಮಾತು ಮರೆತೆ, ಮೀಸೆ ಮರೆತೆ. ಎದ್ದೇಳಲು ನೋಡಿದೆ, ಆಗಲಿಲ್ಲ. ಇನ್ನೊಂದು ಸಲ ನೋಡಿದೆ. ಸಭೆ ಗಪ್‌ಚಿಪ್ಪಾಯಿತು. ನನ್ನ ಬಾಯಿಂದ ಬಂದದ್ದು “ಅಣ್ಣಾ” ಅನ್ನುವ ಒಂದೇ ಮಾತು. ಕಂಡಕ್ಟರನ ಗಂಟಲು ಎಲ್ಲಿ ಹೋಗಿತ್ತೋ, ಎಳೇ ಮಗುವಿನ ದನಿ ಅದು.

ಅವನು ಕೋಲೂರಿ ಎದ್ದ. ಹೆಗಲ ಮೇಲಿನ ಟವಲ್ ತೆಗೆದು ನನ್ನ ಮೇಲೆ ಎಸೆದ. ಜನ ಅದೂ ನಾಟಕವೇ ಅಂದುಕೊಂಡು ಎದ್ದು ನಿಂತು ಚಪ್ಪಾಳೆ ಹೊಡೆದರು.

ಬಣ್ಣದ ಕೋಣೆಯಲ್ಲಿ ಮಂಡಿಗೆ ಐಸು ಕಟ್ಟಿಸಿಕೊಂಡು ಕೂತಿದ್ದಾಗ ಅವನು ಒಳಗೆ ಬಂದ. ನಿರ್ದೇಶಕಿ ಎದ್ದು ಹೊರಗೆ ಹೋದಳು.

“ಯಾಕೆ ಕೂಗ್ದೆ?” ಅಂದೆ.

“ಬಚ್ಚಲ್ದಾಗೆ ನಾನು ಬಿದ್ದಿದ್ದು ಒಂದೇ ಸಲ ಕಣಲೇ. ನೀನು ಊರೂರಿಗೆ ಹೊತ್ಕಂಡೋಗಿ ಬೀಳಿಸ್ದೆ. ನನ್ನೂರಾಗಾದ್ರೂ ನೀನು ಬೀಳು ಅಂತ ಕೂಗ್ದೆ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಮೈದಾನದಲ್ಲಿ ಶಿಕ್ಷೆ ಮುಗಿದ ಮೇಲೆ ಹಾಜರಿ ಕರೆಯುವ ಹಾಗೆ ಹೇಳಿದ.

ನನಗೆ ಆಗ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. “ಅದಿರ್ಲಿ, ಹೆಂಗಿತ್ತು?” ಅಂದೆ.

ಅವನು ಮೀಸೆಯ ಮೇಲೆ ಕೈಯಾಡಿಸಿದ. “ಕೊನೇದು ಚೆನ್ನಾಗಿತ್ತು,” ಅಂದ. “ಅದ್ರಾಗೆ ನಾನಿರ್ಲಿಲ್ಲ.”

ಆಮೇಲೆ ನಾಟಕ ಇಲ್ಲ. ಮಂಡಿ ಕೈಬಿಟ್ಟಿತು, ಡಾಕ್ಟರು ಕೋಲು ಕೊಟ್ಟರು. ಬೆಳಿಗ್ಗೆ ಬಚ್ಚಲಿಗೆ ಇಬ್ಬರದೂ ಸರದಿ, ಮೊದಲು ಅವನದೇ. ಅವನಿಗೆಂದು ಹಾಕಿಸಿದ ಸ್ಟೀಲಿನ ಹಿಡಿಕೆ ಈಗ ನನ್ನ ಕೈಯಲ್ಲೂ ಸವೆಯುತ್ತಿದೆ. ನಾನು ಒಳಗೆ ಹೋದರೆ ಅವನು ಹೊರಗೆ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಒಳಗೆ ಏನಾದರೂ ಸದ್ದಾಗಲಿ ಅಂತ ಕಾಯುತ್ತಾನೆ, ಪಾಪಿ.

ಹೋದ ವಾರ ಹಿಡಿಕೆ ಸಿಗುವುದರೊಳಗೆ ಕಾಲು ಜಾರಿತು. ಬಿದ್ದೆ. ಚೊಂಬು ಉರುಳಿದ ಸದ್ದಿಗೇ ಹೊರಗಿನಿಂದ ಕೋಲಿನಲ್ಲಿ ಬಾಗಿಲು ಬಡಿದು, “ಒನ್ಸ್ ಮೋರ್!” ಅಂದ. ಅಡುಗೆಮನೆಯಲ್ಲಿ ನನ್ನ ಹೆಂಡತಿ, ಭಾವನ ಎದುರು ದನಿ ಎತ್ತದವಳು, ಗಟ್ಟಿಯಾಗಿ ನಕ್ಕಳು. ಕರೆದರೆ ಇಬ್ಬರೂ ಬರುತ್ತಿದ್ದರು. ನಾನು ಬಿದ್ದಲ್ಲಿಂದಲೇ ಕೈ ಚಾಚಿ ಚೊಂಬು ಎಳೆದುಕೊಂಡು, ಬಕೆಟ್ಟಿನಿಂದ ನೀರು ಮೊಗೆದು ನೆಲಕ್ಕೆ ಸುರಿದೆ, ಸ್ನಾನ ನಡೆದಿದೆ ಅನ್ನುವ ಹಾಗೆ.